ಆಷಾಢದ ಮಳೆಯಲ್ಲಿ ಸೈಕಲ್ಲು

ನಲವತ್ತು ದಾಟುವವರೆಗೂ ನನಗೆ ಸೈಕಲ್ ಬರುತ್ತಿರಲಿಲ್ಲ. ಹೇಳಿಕೊಳ್ಳಲು ಅಂಥ ನಾಚಿಕೆಯ ವಿಷಯವೇನಲ್ಲ. ಆದರೆ ನಾನು ಹೈಸ್ಕೂಲಿನ ವಿಜ್ಞಾನದ ಟೀಚರ್. ಗುರುತ್ವ ಕೇಂದ್ರ ಎಂದರೇನು, ಸಮತೋಲನ ಯಾವಾಗ ತಪ್ಪುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವರ್ಷಗಟ್ಟಲೆ ವಿವರಿಸಿದವಳು. ಮಗಳು ನಸ್ರೀನಳ ಸೈಕಲ್ಲಿನ ಮೇಲೆ ಕೂತ ಕೂಡಲೇ ಆ ವಿಜ್ಞಾನವೆಲ್ಲ ಎಡಗಡೆಗೆ ವಾಲಿಬಿಡುತ್ತಿತ್ತು.

ಕಲಿಯಲೇಬೇಕಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಗುಬ್ಬಿ ಕಡೆಯ ಒಂದು ಹಳ್ಳಿಗೆ ವರ್ಗವಾದಾಗ. ಬಸ್ಸು ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತದೆ. ಅಲ್ಲಿಂದ ಶಾಲೆಗೆ ಮಣ್ಣಿನ ರಸ್ತೆ. ನಡೆದು ಹೋದರೆ ಮೊದಲ ಪೀರಿಯಡ್ಡೇ ಮುಗಿದಿರುತ್ತದೆ. "ನಾನೇ ದಿನಾ ಬಿಡ್ತೀನಿ ಬಿಡು" ಎಂದರು ನಮ್ಮ ಯಜಮಾನರು. ಮದುವೆ ಸೀಜನ್ನಿನಲ್ಲಿ ಈ ಮನುಷ್ಯ ಊಟಕ್ಕೇ ಮನೆಗೆ ಬರುವುದಿಲ್ಲ, ಇನ್ನು ನನ್ನನ್ನು ಬಿಡುವುದು ಯಾವಾಗ? "ಸಾಕು ಮಾಡಿದ್ದು, ಕೆಲಸ ಬಿಟ್ಟುಬಿಡಲಿ" ಎಂದು ಅತ್ತೆ ಆಗಲೇ ತೀರ್ಪು ಕೊಟ್ಟಿದ್ದರು. ಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಯಜಮಾನರದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಹೀಗಾಗಿ ನಮ್ಮ ಮುಸಲ್ಮಾನರ ಮನೆಯಲ್ಲಿ ರಜೆ ಯಾವಾಗ ಎಂದು ಹೇಳುವುದು ಪಂಚಾಂಗ. ಆಷಾಢ ಬಂತೆಂದರೆ ಮದುವೆ, ಗೃಹಪ್ರವೇಶ ಎಲ್ಲ ಬಂದ್. ಹೊಸ ಮದುಮಗಳು ತವರಿಗೆ ಹೋಗುತ್ತಾಳೆ, ನಮ್ಮ ಮೆಟಡೋರ್ ವ್ಯಾನು ಮನೆ ಮುಂದೆ ಬಂದು ನಿಲ್ಲುತ್ತದೆ. ವರ್ಷದಲ್ಲಿ ನಾವು ಪ್ರವಾಸ ಹೊರಡಬಹುದಾದ ತಿಂಗಳು ಅದೊಂದೇ, ಬೇರೆಯವರು ಯಾರೂ ಹೊರಡದ ತಿಂಗಳೂ ಅದೇ. ಪ್ರವಾಸವೆಂದರೆ ಮಳೆ ಎಂದೇ ನಸ್ರೀನ್ ಚಿಕ್ಕಂದಿನಿಂದ ತಿಳಿದುಕೊಂಡಿದ್ದಳು. ವರ್ಗವಾದ ವರ್ಷ, ಆ ಪ್ರವಾಸದಲ್ಲೇ ನಾನು ಸೈಕಲ್ ಕಲಿಯುವುದೆಂದು ಹೊರಟೆವು.

ಮನೆಯಂತೆ ಮಲಗಿ, ಉಂಡು, ಊರೂರು ತಿರುಗುವ ಗಾಡಿಗಳು ಶ್ರೀಮಂತ ದೇಶಗಳಲ್ಲಿ ಇರುತ್ತವಂತೆ. ನಮ್ಮದೂ ಏನು ಕಡಿಮೆಯಿರಲಿಲ್ಲ. ವ್ಯಾನಿನೊಳಗೆ ಹಾಸಿಗೆ, ಗ್ಯಾಸ್ ಸ್ಟೌವ್, ಮಡಿಸಿದ ಶಾಮಿಯಾನ, ಮೇಲ್ಗಡೆ ಹಗ್ಗ ಕಟ್ಟಿದ ಸೈಕಲ್ಲು. ಒಂದು ಮದುವೆಗಾಗುವಷ್ಟು ಬಿರಿಯಾನಿ ಮಾಡುವ ಪಾತ್ರೆಗಳನ್ನು ತಂದಿದ್ದೆವು. ಮೂವರಿಗೆ ಟೀ ಕಾಯಿಸುವ ಸಣ್ಣ ಪಾತ್ರೆಯನ್ನು ಮನೆಯಲ್ಲೇ ಮರೆತಿದ್ದೆವು. ದೊಡ್ಡ ತಪ್ಪಲೆಯ ತಳದಲ್ಲಿ ಮೂರು ಲೋಟ ಟೀ ಕಾಯಿಸಿ, ಅದನ್ನು ಇಬ್ಬರು ಹಿಡಿದು ಬಗ್ಗಿಸಬೇಕಾಗುತ್ತಿತ್ತು. ಅರ್ಧ ಲೋಟದಷ್ಟು ತಪ್ಪಲೆಗೇ ಅಂಟಿಕೊಂಡು ಉಳಿಯುತ್ತಿತ್ತು.

ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಕಲಿಯುವಂತಿರಲಿಲ್ಲ, ಪ್ರತಿ ಬಾಗಿಲಲ್ಲೂ ನನ್ನ ಒಬ್ಬ ವಿದ್ಯಾರ್ಥಿ. ಅದಕ್ಕೇ ಕುಣಿಗಲ್ ಕೆರೆಯ ಹತ್ತಿರ ಸೈಕಲ್ ಇಳಿಸಿದೆವು. ಇನ್ನೇನು ಪೆಡಲ್ ಮೇಲೆ ಕಾಲಿಡಬೇಕು, "ನಮಸ್ಕಾರ ಮೇಡಂ, ಏನ್ ಈ ಕಡೆ?" ಎಂದು ಯಾವುದೋ ವಿದ್ಯಾರ್ಥಿಯ ತಂದೆ ಸ್ಕೂಟರ್ ನಿಲ್ಲಿಸಿದರು. ಮಗಳ ಸೈಕಲ್ ರಿಪೇರಿ ನೋಡ್ತಿದೀನಿ ಎಂದು ಬ್ರೇಕ್ ಹಿಸುಕಿ ತೋರಿಸಿದೆ. ಅವರು ಪಾಪ ಇಳಿದು ಬಂದು ಚೈನಿಗೆ ಎಣ್ಣೆ ಬಿಡಬೇಕೆಂದು ಸಲಹೆ ಕೊಟ್ಟು ಹೋದರು.

ಮರುದಿನ ಗುಬ್ಬಿ ದಾಟಿ ಹಾಗಲವಾಡಿ ಕಡೆಯ ಒಂದು ತೆಂಗಿನ ತೋಟದಲ್ಲಿ ಇಳಿದುಕೊಂಡೆವು. ತೋಟ ಗಂಗಮ್ಮನವರದು, ಹಿಂದೆ ಅವರ ಮಗಳ ಮದುವೆಗೆ ಹಾಕಿದ್ದು ನಮ್ಮದೇ ಶಾಮಿಯಾನ. ಬೆಳಗಾಗುವ ಹೊತ್ತಿಗೆ ಸೋನೆ ಹಿಡಿದಿತ್ತು, ಬಿಡುವ ಲಕ್ಷಣವಿರಲಿಲ್ಲ. ಅದೇ ಕೊನೆಯ ದಿನ; ಸೋಮವಾರ ನಾನು ಹೊಸ ಶಾಲೆಗೆ ಹಾಜರಾಗಬೇಕು. ನಿಜ ಹೇಳುತ್ತೇನೆ, ಮಳೆ ನೋಡಿ ನನಗೆ ಒಳಗೊಳಗೇ ಸಂತೋಷವಾಯಿತು. "ಮಳೆ ನಿಲ್ಲಲಿ, ಆಮೇಲೆ ನೋಡೋಣ" ಎಂದು ಹೊದಿಕೆ ಎಳೆದುಕೊಂಡೆ.

"ಮಳೆ ನಿಂತ್ರೆ ಜನ ಬರ್ತಾರೆ ಅಮ್ಮೀ. ಈಗ್ಲೇ ಎದ್ದೇಳಿ" ಎಂದಳು ನಸ್ರೀನ್.

ಹೊದಿಕೆ ಸರಿಸಿ ಎದ್ದೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಸೈಕಲ್ ಹತ್ತಿದೆ. ಯಜಮಾನರು ಹಿಂದೆ ಕ್ಯಾರಿಯರ್ ಹಿಡಿದರು. ಆದರೆ ಬಂದ ನೆಂಟರ ತಲೆಯ ಮೇಲೆ ಒಂದು ಹನಿ ಬೀಳಬಾರದು ಎಂಬುದು ಅವರ ಕಸುಬು. ವ್ಯಾನಿನೊಳಗಿಂದ ಒಂದು ಕೊಡೆ ತಂದರು. ಮೆರವಣಿಗೆಯಲ್ಲಿ ಮದುಮಗನಿಗೆ ಹಿಡಿಯುವ, ಜರಿ ಅಂಚಿನ ದೊಡ್ಡ ಕೆಂಪು ಕೊಡೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಕ್ಯಾರಿಯರ್, ಹೀಗೆ ಅವರು ಓಡತೊಡಗಿದರು. ಗಾಳಿ ಕೊಡೆಯನ್ನು ಎಳೆದತ್ತ ಅವರು, ಅವರು ವಾಲಿದತ್ತ ನಾನು. ಎರಡು ಸಲ ಕೆಸರಿಗೆ ಬಿದ್ದೆವು.

ಗಂಗಮ್ಮ ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಅಯ್, ಬುಡಪ್ಪ! ಅವ್ಳೇನು ಮದ್ವೆಗ್ ಹೊಂಟವ್ಳಾ? ಆ ಕೊಡೆ ಅತ್ಲಾಗ್ ಮಡುಗು. ಕೈಯ್ಯೂ ಬುಡು."

ಕೊಡೆ ಕೆಳಗಿಟ್ಟರು. ಕೈ ಯಾವಾಗ ಬಿಟ್ಟರೋ ನನಗೆ ಗೊತ್ತಾಗಲಿಲ್ಲ. ತೋಟದ ಗೇಟು ದಾಟಿ ರಸ್ತೆಗೆ ಬಂದಾಗ ಹಿಂದೆ ಉಸಿರಿನ ಸದ್ದು ಕೇಳುತ್ತಿಲ್ಲ ಅನ್ನಿಸಿತು. ಕನ್ನಡಕದ ಮೇಲೆ ನೀರು, ಕಾಣುತ್ತಿದ್ದದ್ದು ಅರ್ಧ ರಸ್ತೆ. ಎರಡೂ ಕಡೆ ಒದ್ದೆ ಹೊಲ, ಒಂದು ನರಪಿಳ್ಳೆಯೂ ಇಲ್ಲ. ಬೀಳುತ್ತಿಲ್ಲವಲ್ಲ ಎಂದುಕೊಂಡೆ, ಗಟ್ಟಿಯಾಗಿ ನಗು ಬಂತು. ಅಷ್ಟು ಖುಷಿಯಾಗಿ ಎಷ್ಟು ವರ್ಷವಾಗಿತ್ತೋ.

ಸ್ವಲ್ಪ ಹೊತ್ತಿಗೆ ವ್ಯಾನು ನನ್ನ ಪಕ್ಕಕ್ಕೆ ಬಂತು. ಯಜಮಾನರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾಕು ಇಳಿಯೇ ಮುಮ್ತಾಜ್, ಪೂರ್ತಿ ನೆಂದೋಗಿದೀಯ. ಸೈಕಲ್ ಮೇಲಕ್ಕೆ ಹಾಕ್ತೀನಿ, ಒಳಗ್ ಬಾ" ಎಂದರು.

"ನೀವ್ ಮುಂದೆ ಹೋಗ್ತಿರಿ. ನಾನ್ ಬರ್ತೀನಿ" ಎಂದೆ, ರಸ್ತೆಯಿಂದ ಕಣ್ಣು ತೆಗೆಯದೆ.

ಅವರು ತಲೆ ಒಳಗೆಳೆದುಕೊಂಡರು. ಆಮೇಲೆ ಗೇರ್ ಬದಲಿಸಿ ಮುಂದೆ ಹೋದರು. ಊರಿಗೆ ಬಂದವರೇ ಅತ್ತೆಯಿಂದ ಹಿಡಿದು ಅಂಗಡಿಗೆ ಬರುವ ಗಿರಾಕಿಗಳವರೆಗೆ ಎಲ್ಲರಿಗೂ ಇದೇ ಕಥೆ: "ನೀವ್ ಹೋಗಿ ಅಂದ್ಬಿಟ್ಳು ಕಣ್ರೀ ನಮ್ಮೋಳು! ಏನ್ ಧೈರ್ಯ ಅಂತೀರ! ಇನ್ನು ಕೆಲ್ಸ ಬಿಡೋ ಮಾತೇ ಇಲ್ಲ." ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಸೋಮವಾರ ಮಣ್ಣಿನ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಶಾಲೆಗೆ ಹೋದೆ, ಮುಂದೆ ಎಷ್ಟೋ ವರ್ಷ ಹೋದೆ.

ಧೈರ್ಯದ ಆ ಕಥೆಯನ್ನು ನಾನು ಇವತ್ತಿಗೂ ತಿದ್ದಿಲ್ಲ. ನಿಮಗೆ ಮಾತ್ರ ಹೇಳುತ್ತೇನೆ: ಓಡಿಸಲು ಬಂದಿತ್ತೇ ಹೊರತು ಇಳಿಯುವುದು ಹೇಗೆಂದು ನನಗಿನ್ನೂ ಯಾರೂ ಕಲಿಸಿರಲಿಲ್ಲ. ಹಾಗಲವಾಡಿಯ ಹತ್ತಿರ ರಸ್ತೆ ಏರಾಯಿತು, ಸೈಕಲ್ ತಾನಾಗಿಯೇ ನಿಂತಿತು, ಕಾಲು ನೆಲಕ್ಕೆ ತಾಗಿತು. ನಿಲ್ಲಿಸಲು ಬಂದಿದ್ದರೆ ನಾನು ಅಂದು ಖಂಡಿತ ವ್ಯಾನು ಹತ್ತಿಬಿಡುತ್ತಿದ್ದೆ.