ಎರಡು ಟಬ್ಬಿನ ಮೆಷೀನು, ಮಂಡಿ ಮೊಹಲ್ಲಾದ ಅಪ್ಪಾಜಿ

ಹೋದ ವಾರ ನಮ್ಮ ರಾಮಕೃಷ್ಣನಗರದ ಮನೆಯ ಹಿತ್ತಿಲ ವರಾಂಡದಲ್ಲಿ ಮೂರು ಜನ ನಿಂತಿದ್ದೆವು. ನಾನು, ನನ್ನ ಸೊಸೆ, ಕಂಪನಿಯಿಂದ ಬಂದಿದ್ದ ಟೆಕ್ನೀಷಿಯನ್. ಒಂದು ತಿಂಗಳಿಂದ ನಮ್ಮ ವಾಷಿಂಗ್ ಮೆಷೀನು ಬಟ್ಟೆ ಹಿಂಡುವಾಗ ವಿಮಾನ ಹಾರಿದ ಹಾಗೆ ಸದ್ದು ಮಾಡುತ್ತಿತ್ತು. ಆತ ಹಿಂದಿನ ತಗಡು ಬಿಚ್ಚಿದ. ಒದ್ದೆ ರಬ್ಬರು, ಹಳೇ ಗ್ರೀಸು, ಗಟ್ಟಿಯಾದ ಸೋಪಿನ ಪುಡಿ ಎಲ್ಲ ಬೆರೆತ ವಾಸನೆ ಮುಖಕ್ಕೆ ಬಡಿಯಿತು.

"ಬೇರಿಂಗ್ ಹೋಗಿದೆ ಆಂಟಿ."

"ಬೇರೆ ಹಾಕಿಬಿಡಪ್ಪ."

"ಆಗಲ್ಲ. ಟಬ್ಬನ್ನ ಪೂರ್ತಿ ಅಂಟಿಸಿಬಿಟ್ಟಿರ್ತಾರೆ, ಬಿಚ್ಚೋ ಹಾಗೇ ಇಲ್ಲ. ಹೊಸ ಮೆಷೀನೇ ತಗೊಂಬಿಡಿ. ಆರು ವರ್ಷ ಬಂದಿದೆಯಲ್ಲ, ಜಾಸ್ತೀನೇ ಬಂತು."

ಆರು ವರ್ಷ ಜಾಸ್ತಿಯಂತೆ! ಸಿಟ್ಟು ಮಾಡಿಕೊಳ್ಳೋಣವೆಂದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ಆ ವಾಸನೆಯ ಹಿಂದೆಯೇ ಮಂಡಿ ಮೊಹಲ್ಲಾದ ಇಕ್ಕಟ್ಟಾದ ಅಂಗಡಿಯೊಂದಕ್ಕೆ ಹೋಗಿಬಿಟ್ಟಿತ್ತು...

ಅಲ್ಲಿದ್ದ ರಿಪೇರಿಯವರನ್ನು ನಾವೆಲ್ಲ ಅಪ್ಪಾಜಿ ಅಂತಲೇ ಕರೆಯುತ್ತಿದ್ದೆವು. ತಿ. ನರಸೀಪುರದ ಕಡೆಯವರು, ಪಂಪ್‌ಸೆಟ್ಟು ರಿಪೇರಿ ಕಲಿತು ಊರು ಬಿಟ್ಟು ಬಂದವರು. ಬೆಲ್ಟು, ಸ್ಪ್ರಿಂಗು, ಸ್ಕ್ರೂಗಳನ್ನು ಊಟದ ಕ್ಯಾರಿಯರಿನಲ್ಲಿ ತುಂಬಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಒಮ್ಮೆ ನಮ್ಮತ್ತೆ, ಪಾಪ ಅನ್ನ ಆರಿಹೋಗುತ್ತದೆ, ಬಿಸಿ ಮಾಡಿಕೊಡೋಣ ಅಂತ ಅದರ ಮುಚ್ಚಳ ತೆಗೆದರು. ಒಳಗೆ ಗ್ರೀಸು! "ತಿನ್ನಿ ತಾಯಿ, ತುಪ್ಪದಂಗೇ ಇರ್ತದೆ" ಅಂದಿದ್ದರು ಅಪ್ಪಾಜಿ.

ನಮ್ಮದು ಆಗ ಎರಡು ಟಬ್ಬಿನ ಮೆಷೀನು. ಒಂದರಲ್ಲಿ ಒಗೆದು ಇನ್ನೊಂದರಲ್ಲಿ ಹಿಂಡುವುದು. ಒಗೆದ ಬಟ್ಟೆಯನ್ನು ನಾವೇ ಎತ್ತಿ ಹಾಕಬೇಕು, ನೀರು ನಾವೇ ಬಿಡಬೇಕು. ಆದರೆ ಹದಿನೆಂಟು ವರ್ಷ ದುಡಿದಿತ್ತು. ಕೆಟ್ಟರೆ ಅಪ್ಪಾಜಿ ಬಂದು ಅರ್ಧ ಗಂಟೆ ಕೂತರೆ ಮುಗಿಯಿತು. ಆಗಿನ ಮೆಷೀನುಗಳೇ ಹಾಗಿದ್ದವು. ಮೇಲೆ ಹೆಸರು ಯಾವುದೇ ಇರಲಿ, ಒಳಗಿನ ಮೋಟರು, ಟೈಮರು, ಬೆಲ್ಟು ಇದರದ್ದು ಅದಕ್ಕೆ ಕೂರುತ್ತಿತ್ತು.

ಮನೆಯಲ್ಲಿ ಎಲ್ಲರೂ ಬೇಡ ಬೇಡವೆಂದರೂ ಪೂರ್ತಿ ಆಟೋಮ್ಯಾಟಿಕ್ ತರಿಸಿದವಳು ನಾನು. ಮಾವನವರಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ದಿನಕ್ಕೆ ನಾಲ್ಕೈದು ದುಪ್ಪಟಿ ಒದ್ದೆಯಾಗುತ್ತಿತ್ತು. ಗುಂಡಿ ಒತ್ತಿದರೆ ತಾನೇ ಒಗೆಯುವ ಮೆಷೀನಿದ್ದರೆ ಅತ್ತೆಗೂ ನನಗೂ ಉಸಿರಾಡಲು ಬಿಡುವಾದೀತು ಅನ್ನುವುದು ನನ್ನ ಲೆಕ್ಕ. ಹಳೆಯದನ್ನು ಅಪ್ಪಾಜಿಗೇ ಕೊಟ್ಟೆವು.

"ಇದ್ರಲ್ಲಿ ಇನ್ನೂ ಜೀವ ಐತೆ ಕಣವ್ವ," ಅಂದರು. "ಇದು ಕೋಪ ಬಂದ್ರೆ ಒದ್ರೂ ತಡ್ಕೊಳೋ ಮೆಷೀನು. ನಿಮ್ಮ ಹೊಸಾದು ಗದರಿಸಿದ್ರೆ ಅತ್ತುಬುಡ್ತದೆ."

ಅತ್ತೇಬಿಟ್ಟಿತು, ನನ್ನ ಕೈಯಾರೆ. ಆಯುಧಪೂಜೆಯ ದಿನ ಹಳೇ ಮೆಷೀನಿಗೆ ಮಾಡುತ್ತಿದ್ದ ಹಾಗೆಯೇ ಇದಕ್ಕೂ ಒರೆಸಿ, ನೀರಲ್ಲಿ ಕಲಸಿದ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನಿಂಬೆಹಣ್ಣು ಹೆಚ್ಚಿ ಕುಂಕುಮ ಸವರಿ ನೆತ್ತಿಯ ಮೇಲೆ ಹಿಂಡಿ ಇಟ್ಟೆ. ಹದಿನೆಂಟು ವರ್ಷ ಆ ಕಬ್ಬಿಣದ ಮೈಗೆ ಇದರಿಂದ ಏನೂ ಆಗಿರಲಿಲ್ಲ. ಹೊಸದರ ಗುಂಡಿಗಳ ಸಂದಿಯಲ್ಲಿ ರಸ ಇಳಿಯಿತು. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತು ಮುಗಿದ ಮಾರನೇ ಬೆಳಗ್ಗೆ ನೋಡಿದರೆ ದೀಪಗಳು ಮಿಣಮಿಣ ಅನ್ನುತ್ತಿವೆ, ಡ್ರಮ್ಮು ಅಲುಗುತ್ತಿಲ್ಲ. ಒಳಗಿನ ಬೋರ್ಡು ಸುಟ್ಟಿದೆ, ತರಿಸಲು ಹದಿನೈದು ದಿನ ಅಂದರು ಕಂಪನಿಯವರು.

ಅತ್ತೆ ಒಗೆಯುವ ಕಲ್ಲಿನ ಮುಂದೆ ಕೂತರು. ನಾನು ಹಿಂಡಿದೆ. ಎರಡು ದಿನಕ್ಕೆ ಅವರ ಬೆರಳ ಸಂದಿಗಳೆಲ್ಲ ಒಡೆದು ರಕ್ತ. ಮಾವನವರು ಮಂಚದಿಂದ ಅದನ್ನು ನೋಡಿದರು. ಮಾತು ಹೋಗಿತ್ತು, ತಿಳಿವಳಿಕೆ ಹೋಗಿರಲಿಲ್ಲ. ನೀರಿನ ಲೋಟ ಹತ್ತಿರ ತಂದರೆ ಹಲ್ಲು ಕಚ್ಚಿ ಮುಖ ತಿರುಗಿಸತೊಡಗಿದರು. ಕುಡಿದರೆ ದುಪ್ಪಟಿ ಒದ್ದೆಯಾಗುತ್ತದಲ್ಲ...

"ಒಂದ್ ಗುಟುಕು ಕುಡೀರಿ, ನನ್ನಾಣೆ," ಅಂತ ಅತ್ತೆ ಅತ್ತರು. ತುಟಿ ತೆರೆಯಲಿಲ್ಲ. ಮೂರನೇ ದಿನ ಆ ತುಟಿ ಒಣಗಿ ಸೀಳಿತ್ತು.

ನಾನು ಚಪ್ಪಲಿ ಮೆಟ್ಟಿ ಮಂಡಿ ಮೊಹಲ್ಲಾಕ್ಕೆ ಓಡಿದೆ. ಮನೆಯಲ್ಲಿ ಯಾರಿಗೂ ಹೇಳದ ನಿಂಬೆಹಣ್ಣಿನ ಕಥೆಯನ್ನು ಅಪ್ಪಾಜಿಯ ಮುಂದೆ ಹೇಳಿ ಅತ್ತುಬಿಟ್ಟೆ. ನಗುತ್ತಾರೇನೋ ಅಂದುಕೊಂಡಿದ್ದೆ, ನಗಲಿಲ್ಲ.

"ಪೂಜೆ ತಡ್ಕೊಳಕ್ಕಾಗ್ದೇ ಇರೋದನ್ನ ಮಾಡಿರೋರ್ದು ತಪ್ಪು, ನಿಮ್ದಲ್ಲ. ಅಳಬ್ಯಾಡಿ."

"ನಮ್ಮ ಹಳೇದು ಇದೆಯಾ ಅಪ್ಪಾಜಿ?"

"ಟಬ್ಬು ಐತೆ. ಅದರ ಮೋಟ್ರು ಆಗ್ಲೇ ಬೇರೆಯವ್ರ ಮನೇಲಿ ತಿರುಗ್ತಾ ಐತೆ. ಎಂಗೋ ಒಂದು ಮಾಡ್ತೀನಿ, ನೀವು ನಡೀರಿ."

ಸಂಜೆ ಐದಕ್ಕೆ ಲಗೇಜ್ ಆಟೋ ಬಂದು ನಿಂತಿತು. ಮೈ ನಮ್ಮದೇ ನೀಲಿ, ಒಂದು ಮುಚ್ಚಳ ಬಿಳಿ, ಇನ್ನೊಂದು ಕೆಂಪು, ಮೋಟರು ಯಾರದೋ. ಅಪ್ಪಾಜಿ ಅದನ್ನು ವರಾಂಡದಲ್ಲಿ ಇಡಗೊಡಲಿಲ್ಲ. ಮಾವನವರ ಕೋಣೆಯ ಬಾಗಿಲಿಗೇ, ಅವರಿಗೆ ಕಾಣುವ ಹಾಗೆ ಇಟ್ಟು, ಪೈಪು ಎಳೆದು, ಟೈಮರು ತಿರುಗಿಸಿದರು. ಗುರ್ರೋ ಅಂತ ಅದು ಶುರುವಾಯಿತು. ಮೊದಲ ದುಪ್ಪಟಿಯನ್ನು ಒಗೆದು ಹಿಂಡಿತು. ಆಮೇಲೆ ಅಪ್ಪಾಜಿ ತಾವೇ ಲೋಟ ತಗೊಂಡು ಮಂಚದ ಪಕ್ಕ ಕೂತರು.

"ಯಜಮಾನ್ರೇ, ದಿನಕ್ಕೆ ಐವತ್ತು ದುಪ್ಪಟಿ ಹಾಕಿದ್ರೂ ಇದು ಜಗ್ಗಾಕಿಲ್ಲ. ಕೆಟ್ರೆ ನಾನಿವ್ನಿ. ಕುಡೀರಿ."

ಮಾವನವರು ಕುಡಿದರು. ಲೋಟ ಖಾಲಿಯಾಯಿತು, ಇನ್ನೊಂದು ಬೇಕೆಂದು ಕಣ್ಣಲ್ಲೇ ಕೇಳಿದರು.

ಅದಾದ ಮೇಲೆ ಎರಡು ವರ್ಷ ಬದುಕಿದರು ಮಾವನವರು. ಆ ಮೂರು ಬಣ್ಣದ ಮೆಷೀನು ಕೊನೇ ದಿನದ ತನಕ ಕೈಕೊಡಲಿಲ್ಲ. ಆಮೇಲೆ ಹೊಸದು, ಅದರ ಮೇಲೆ ಇನ್ನೊಂದು ಹೊಸದು... ಕೆಟ್ಟರೆ ಕಂಪನಿಗೆ ಫೋನು. ಗ್ಯಾರಂಟಿ ಕಾರ್ಡು ಇರುವ ಮನೆಯಲ್ಲಿ ಅಪ್ಪಾಜಿಗೇನು ಕೆಲಸ? ಹಬ್ಬಕ್ಕಾದರೂ ಒಮ್ಮೆ ಹೋಗಿ ಮಾತಾಡಿಸಿ ಬರಬಹುದಿತ್ತು. ಹೋಗಲಿಲ್ಲ.

ಟೆಕ್ನೀಷಿಯನ್ ಬಂದುಹೋದ ಮಾರನೇ ದಿನ ಹೋದೆ. ಅಂಟಿಸಿದ ಟಬ್ಬನ್ನೂ ಬಿಚ್ಚುವವರು ಯಾರಾದರೂ ಇದ್ದರೆ ಅದು ಅಪ್ಪಾಜಿಯೇ ಅಂತ ನಂಬಿಕೆ. ಅಂಗಡಿಯಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಪಕ್ಕದ ಗೋಣಿಚೀಲದ ಅಂಗಡಿಯವರು ನನ್ನನ್ನು ಕೂರಿಸಿ ಹೇಳಿದರು.

"ಅಪ್ಪಾಜಿ ತೀರಿಹೋಗಿ ನಾಲ್ಕು ವರ್ಷ ಆಯ್ತು ಕಣಮ್ಮ. ಕೊನೇವರೆಗೂ ಬಾಗಿಲು ತೆಗೀತಿದ್ರು. ರಿಪೇರಿಗೆ ಯಾರೂ ಬರ್ತಿರ್ಲಿಲ್ಲ, ಸುಮ್ನೆ ಕೂತಿರೋರು."

ನಾಲ್ಕು ವರ್ಷ... ನನಗೆ ಗೊತ್ತೇ ಇರಲಿಲ್ಲ.

ಶುಕ್ರವಾರ ಹೊಸ ಮೆಷೀನು ಬಂತು. ತಂದವರು ಹಳೆಯದನ್ನು ಎತ್ತಿ ಗಾಡಿಗೆ ಹಾಕಿಕೊಂಡರು. ಅದರ ಮೋಟರು ಇನ್ನೂ ಚೆನ್ನಾಗಿತ್ತು.