ಕಮಲಾಪುರಕ್ಕೆ ಹೋದ ಸಿರ್ಕಾ

ಖಂಡೆಪ್ಪನ ಕಣ್ಣಿಗೆ ಮನುಷ್ಯರ ಹಾಗೆ ಕಂಡವರು ಕಲಬುರಗಿಯಲ್ಲಿ ಬಹಳ ಮಂದಿ ಇರಲಿಲ್ಲ. ಸ್ಟೇಷನ್ನಿನ ಹಮಾಲರು ಕಳ್ಳರು, ಗುಮಾಸ್ತರು ಹೊಟ್ಟೆಬಾಕರು, ರೋಜಾ ಓಣಿಯ ಅಂಗಡಿಕಾರರು ಸುಳ್ಳಿನ ಮೂಟೆಗಳು. ತನ್ನಂತೆಯೇ ಮಾಲು ಬಿಡಿಸಿ ಬದುಕುವ ಉಳಿದ ದಲಾಲರಂತೂ ಹೆಸರೆತ್ತಲೂ ಲಾಯಕ್ಕಿಲ್ಲದವರು. ಇಷ್ಟೆಲ್ಲ ಸೊಕ್ಕಿಗೆ ಅವನ ಹತ್ತಿರ ಇದ್ದ ಬಂಡವಾಳವೇನು? ಒಂದು ಮಾಸಿದ ರುಮಾಲು, ಒಂದು ಜೊತೆ ಮೆಟ್ಟು, ಮತ್ತೆ ಎದೆಯ ಮೇಲಿನ ಲಿಂಗ.

ಆಗಿನ್ನೂ ನಿಜಾಮರ ಸರ್ಕಾರ. ಮುಂಬಯಿಯಿಂದ ರೈಲಿನಲ್ಲಿ ಬಂದ ಯಾವ ಮಾಲೂ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟದೆ ಸ್ಟೇಷನ್ ದಾಟುವಂತಿರಲಿಲ್ಲ. ಖರ್ಜೂರ, ಬಾದಾಮಿ, ಕೇಸರಿ, ಬಿಸ್ಕೀಟಿನ ಡಬ್ಬಿ, ಚಹಾಪುಡಿ ಏನೇ ಬರಲಿ, ಮಾಲಕರ ಪರವಾಗಿ ನಾಕಾದ ಮುಂದೆ ನಿಂತು ಇದು ಇಂಥದೇ ಎಂದು ಹೇಳಿ, ಸುಂಕ ತೀರಿಸಿ, ಮೊಹರು ಹಾಕಿಸಿ, ಗಾಡಿ ಕಟ್ಟಿಸುವುದು ಖಂಡೆಪ್ಪನ ಕಸುಬು. ಉಳಿದವರ ಪೆಟ್ಟಿಗೆಗಳನ್ನು ಒಡೆದು ತಳದವರೆಗೂ ತಡಕುತ್ತಿದ್ದರು. ಖಂಡೆಪ್ಪ ಮಾತ್ರ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟು, "ಬಾದಾಮಿ ಅವ್ರಿ," ಅಂದರೆ ಅದು ಬಾದಾಮಿ. ಹಾಗೆ ಕೈಯಿಟ್ಟು ಅವನು ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಸೆರೆಯ ಹನಿ ಅವನ ಗಂಟಲಿಗೆ ಇಳಿದಿರಲಿಲ್ಲ. ಶರಾಬಿನ ಮಾಲು ಬಿಡಿಸಿಕೊಡು ಎಂದು ಬಂದವರನ್ನು ತನ್ನ ಮನೆಯ ಕಟ್ಟೆಯ ಕೆಳಗೇ ನಿಲ್ಲಿಸಿ ಉಗಿದು ಕಳಿಸುತ್ತಿದ್ದ. ಈ ಮಾತು, ಈ ನೇಮ ಎರಡೂ ಹೋದರೆ ತಾನೂ ಆ ಹಮಾಲರ ಪೈಕಿಯೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಮಲಾಪುರದಲ್ಲಿ ಒಬ್ಬ ಜಾಗೀರದಾರರ ದೊಡ್ಡ ಮನೆ, ದೇವಡಿ, ಇತ್ತು. ಅಲ್ಲಿಯ ಕಾರಭಾರಿ ಅಲ್ಲಾವುದ್ದೀನ್, ಅತ್ತರು ಹಚ್ಚಿಕೊಂಡು ನಗುವ ಮನುಷ್ಯ, ಒಂದು ದಿನ ಖಂಡೆಪ್ಪನ ಕಟ್ಟೆಗೆ ಬಂದು ಕೂತ.

"ದೇವಡಿಗೆ ನಾಕು ಪೆಟ್ಟಿಗಿ ಸಿರ್ಕಾ ಬಂದದ ಖಂಡೆಪ್ಪಾ. ಉಪ್ಪಿನಕಾಯಿಗೆ. ಬಿಡಿಸಿ ಊರಿಗೆ ಮುಟ್ಟಿಸಿಬಿಡು."

ಸಿರ್ಕಾ ಅಂದರೆ ವಿನೆಗರ್, ಹುಳಿನೀರು. ಒಂದು ಮನೆಯ ಉಪ್ಪಿನಕಾಯಿಗೆ ಅದು ನಾಲ್ಕು ಪೆಟ್ಟಿಗೆ ಯಾಕೆ ಎಂದು ತಲೆ ನೆಟ್ಟಗಿದ್ದವನು ಕೇಳುತ್ತಿದ್ದ. ಖಂಡೆಪ್ಪನಿಗೆ ಕೇಳುವ ಅಗತ್ಯ ಕಾಣಲಿಲ್ಲ. ದೊಡ್ಡವರು ಅಂದರೆ ದಡ್ಡರು ಎಂಬ ಉತ್ತರ ಅವನ ಹತ್ತಿರ ಮೊದಲೇ ಇತ್ತು. ಆಗಲಿ ಎಂದು ಒಪ್ಪಿಕೊಂಡ.

ನಾಕಾದಲ್ಲಿ ಪೆಟ್ಟಿಗೆಯ ಹಲಗೆ ಸರಿಸಿದ ದಾರೋಗಾ ಇನಾಯತ್ ಹುಬ್ಬೇರಿಸಿದ. ಒಂದೊಂದು ಬಾಟ್ಲಿಗೂ ಹುಲ್ಲಿನ ಅಂಗಿ, ಕೊರಳಿಗೆ ಬಂಗಾರದ ಬಣ್ಣದ ಕಾಗದ. ಮೇಲೆ ಅಂಟಿಸಿದ ಅಕ್ಷರ ಇಬ್ಬರಿಗೂ ಓದಲು ಬಾರದು.

"ಸಿರ್ಕಾಕ್ಕ ಇಷ್ಟು ಸಿಂಗಾರ ಯಾಕೋ?"

"ದೊಡ್ಡವರ ಮನಿ ಮಾಲ್ ಹುಜೂರ್. ಅವರು ಬೂದಿ ತರಿಸಿದ್ರೂ ಜರತಾರಿ ಚೀಲದಾಗ ತರಸ್ತಾರ."

ದಾರೋಗಾ ನಕ್ಕ, ಆದರೆ ಅನುಮಾನ ಬಿಡಲಿಲ್ಲ. ಶರಾಬಾಗಿದ್ದರೆ ಭಾರಿ ಸುಂಕ, ಅದರ ಮೇಲೆ ಹೈದರಾಬಾದಿನ ಪರವಾನಗಿ. ಬಾಟ್ಲಿ ತೆಗೆದು ರುಚಿ ನೋಡಬೇಕು. ನೋಡುವವರು ಯಾರು? ಇನಾಯತ್ ಐದು ಹೊತ್ತು ನಮಾಜು ಮಾಡುವವನು, ತುಟಿಗೂ ತಾಗಿಸಲಾರ. ಹಮಾಲರಿಗೆ ಕೊಟ್ಟರೆ ಬಾಟ್ಲಿ ಖಾಲಿಯಾಗುವ ತನಕ ಯಾವನೂ ಬಾಯಿ ಬಿಡುವುದಿಲ್ಲ.

"ನೀನs ನೋಡು," ಅಂದ ದಾರೋಗಾ. "ಹುಟ್ಟಿದಾಗಿಂದ ಸೆರಿ ಮುಟ್ಟಿಲ್ಲ ನೀ. ಶರಾಬಿದ್ರ ಬಾಯಾಗ ನಿಲ್ಲಂಗಿಲ್ಲ, ಕಾರಿಬಿಡ್ತಿ."

ನೆರೆದವರೆಲ್ಲ ಹೌದು ಹೌದು ಅಂದರು. ಶರಾಬಿನ ರುಚಿ ಹೇಳಬೇಕಾದವನು ಅದನ್ನು ಕಂಡೇ ಇಲ್ಲದವನು! ಈ ನ್ಯಾಯದಲ್ಲಿ ಏನೋ ಕೊರತೆಯಿದೆ ಎಂದು ಆ ಗುಂಪಿನಲ್ಲಿ ಒಬ್ಬ ಪುಣ್ಯಾತ್ಮನಿಗೂ ಹೊಳೆಯಲಿಲ್ಲ. ಖಂಡೆಪ್ಪನಿಗಂತೂ ಎದೆ ಉಬ್ಬಿತು.

ಮೂಸಿ ನೋಡಿದ. ಸೆರೆ ಅಂದರೆ ಅವನಿಗೆ ಗೊತ್ತಿದ್ದುದು ಸೇಂದಿ ಅಂಗಡಿಯ ಗಲ್ಲಿಯ ನಾತ, ಗಟಾರದಲ್ಲಿ ಬಿದ್ದವರ ಮೈಯ ನಾತ. ಇದರಲ್ಲಿ ಅದಿರಲಿಲ್ಲ. ಬಾಯಿಗೆ ಹಾಕಿಕೊಂಡ. ಹುಳಿ, ಮೇಲೆ ಎಳೆ ನೇರಳೆಯ ಒಗರು. ಉಗುಳಿದರೆ ತನ್ನ ಮಾಲಿನ ಮೇಲೆ ತಾನೇ ಅನುಮಾನಪಟ್ಟಂತೆ ಎಂದು ನುಂಗಿದ. ದಾರೋಗಾ ಬಿಡಬೇಕಲ್ಲ? ಪ್ರತಿ ಪೆಟ್ಟಿಗೆಯಿಂದ ಒಂದೊಂದು ಬಾಟ್ಲಿ ನೋಡಬೇಕೆಂದ. ಖಂಡೆಪ್ಪ ನೋಡಿದ, ಪ್ರತಿ ಸಲವೂ ದೊಡ್ಡ ಗುಟುಕು. ಕೊನೆಯ ಪೆಟ್ಟಿಗೆಯ ಹೊತ್ತಿಗೆ ಅವನ ದನಿ ಪ್ಲಾಟ್‌ಫಾರಂ ತುಂಬ ಕೇಳುತ್ತಿತ್ತು.

"ಲಿಂಗಾ ಮುಟ್ಟಿ ಹೇಳ್ತೇನಿ ಹುಜೂರ್, ಸಿರ್ಕಾ! ಖರೆ ಸಿರ್ಕಾ!"

ಮೊಹರು ಬಿತ್ತು. ಮಾಲಿನ ಜೊತೆ ತಾನೂ ಗಾಡಿ ಹತ್ತಿದ ಖಂಡೆಪ್ಪನಿಗೆ ದಾರಿಯಲ್ಲಿ ಮೈ ಬೆಚ್ಚಗಾಯಿತು, ಎತ್ತುಗಳ ಗೆಜ್ಜೆ ಇಂಪಾಗಿ ಕೇಳಿಸಿತು, ಬೆಳಿಗ್ಗೆ ತಾನೇ ಬೈದಿದ್ದ ಗಾಡಿಯವನನ್ನು "ತಮ್ಮಾ" ಎಂದು ಕರೆದ. ಎಲ್ಲ ಬಿಸಿಲಿನ ಝಳ ಅಂದುಕೊಂಡು ಮಲಗಿಬಿಟ್ಟ.

ಕಮಲಾಪುರದ ದೇವಡಿಯಲ್ಲಿ ಹೈದರಾಬಾದಿನ ಅತಿಥಿಗಳು ಬಂದಿಳಿದಿದ್ದರು. ಖಂಡೆಪ್ಪ ಅಂಗಳದ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದ ಹಾಗೆಯೇ ಆ ಬಾಟ್ಲಿಗಳು ಒಳಗೆ ಹೋದವು, ಗಾಜಿನ ಲೋಟಗಳಿಗೆ ಇಳಿದವು. ಅತಿಥಿಗಳು ಲೋಟ ಎತ್ತಿ, ಕಣ್ಣು ಮುಚ್ಚಿ, ವಾಹ್ ವಾಹ್ ಅನ್ನತೊಡಗಿದರು. ಖಂಡೆಪ್ಪನಿಗೆ ನಗು ತಡೆಯಲಿಲ್ಲ. ಸಿರ್ಕಾ ಕುಡಿದು ತಲೆದೂಗುವ ಮೂರ್ಖರು! ಆದರೂ ಮಾಲು ತಂದವನು ತಾನು, ನಾಳೆ ಹೊಟ್ಟೆ ಕೆಟ್ಟರೆ ತನ್ನ ಹೆಸರು ಬರುತ್ತದೆಂದು ಅಲ್ಲಾವುದ್ದೀನನನ್ನು ಹೊರಗೆ ಕರೆದ.

"ಕಾರಭಾರಿ ಸಾಹೇಬ್ರ, ಎಡವಟ್ಟಾಗ್ಯಾದ್ರಿ. ಅದು ಸಿರ್ಕಾ. ಶರಾಬಂತ ತಿಳ್ದು ಕುಡ್ಯಾಕತ್ತಾರ. ನಾ ಬಾಯಿಗೆ ಹಾಕ್ಕೊಂಡು ನೋಡೀನಿ."

ಅಲ್ಲಾವುದ್ದೀನ್ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ.

"ನೀನೂ ಕುಡದೀ? ಅರೆ ಖಂಡೆಪ್ಪಾ, ಅದು ಫ್ರಾನ್ಸಿನ ಅಂಗೂರಿ ಶರಾಬು! ನಿನ್ನ ಬಿಟ್ರ ಇನ್ಯಾರ ಮಾತು ನಂಬ್ತಿದ್ದ ಆ ದಾರೋಗಾ? ಅದಕ್ಕs ನಿನಗ ಹೇಳಿದ್ದಿಲ್ಲ."

ಕಣ್ಣು ಒರೆಸಿಕೊಳ್ಳುತ್ತ ಅವನು ಒಳಗೆ ಹೋದ. ಇಡೀ ಊರನ್ನು ಕೀಳಾಗಿ ನೋಡಿಕೊಂಡು ಬಂದ ಖಂಡೆಪ್ಪನನ್ನು ಈ ಅತ್ತರಿನ ಮನುಷ್ಯ ಒಂದು ಎತ್ತಿನಷ್ಟೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಮನೆಗೆ ಬಂದ ಮರುದಿನ ಖಂಡೆಪ್ಪ ಲಿಂಗಪೂಜೆಗೆ ಕೂರಲಿಲ್ಲ. ಪೂಜೆಯಿಲ್ಲದೆ ಊಟವಿಲ್ಲ, ಹೆಂಡತಿ ನೀಲಗಂಗಮ್ಮ ಯಾಕೆಂದು ಕೇಳುತ್ತಿದ್ದ ಹಾಗೆಯೇ ರುಮಾಲು ಸುತ್ತಿ ಹೊರಬಿದ್ದ. ನೆಟ್ಟಗೆ ನಾಕಾಕ್ಕೆ ಹೋದ. ತಪ್ಪು ಒಪ್ಪಿಕೊಂಡುಬಿಟ್ಟರೆ ಸರ್ಕಾರ ದಂಡ ಹಾಕಲಿ, ಮಠದ ಅಯ್ಯನೋರು ಪ್ರಾಯಶ್ಚಿತ್ತ ಹೇಳಲಿ, ಆಮೇಲಾದರೂ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಳ್ಳಬಹುದು ಎಂಬುದು ಅವನ ಲೆಕ್ಕ. ಇನಾಯತ್ ಎಲ್ಲ ಕೇಳಿ, ಎದ್ದು ಬಾಗಿಲು ಹಾಕಿದ.

"ಮತ್ಯಾರಿಗರೆ ಹೇಳೀಯೇನು?"

"ಇಲ್ರಿ ಹುಜೂರ್. ಮೊದಲ ನಿಮ್ಮ ಹಂತ್ಯಾಕ ಬಂದೀನಿ."

"ಛಲೋ ಮಾಡ್ದಿ. ಕೇಳು. ನೀ ಸಿರ್ಕಾ ಅಂದಿ, ನಾ ಮೊಹರು ಒತ್ತೀನಿ. ಈಗದು ಶರಾಬಾದ್ರ ನನ್ನ ನೌಕರಿ ಹೋಗ್ತದ, ನೀ ಜೇಲಿಗೆ ಹೋಗ್ತಿ. ಅದಕ್ಕ, ಸರ್ಕಾರದ ಕಾಗದದಾಗ ಅದು ಸಿರ್ಕಾ. ಹೋಗಿ ಊಟಾ ಮಾಡು."

ಐದು ಹೊತ್ತಿನ ನಮಾಜಿಯೂ ಅಷ್ಟೇ ಅಂದುಕೊಂಡ ಖಂಡೆಪ್ಪ. ಹಾಗೆ ಅಂದುಕೊಳ್ಳುವಾಗ ಎಂದಿನ ಖುಷಿ ಹುಟ್ಟಲಿಲ್ಲ. ಮಠದ ದಾರಿಯಲ್ಲಿ ಅರ್ಧ ಹೋಗಿ, ಜೇಲಿನ ಮಾತು ನೆನಪಾಗಿ ತಿರುಗಿ ಬಂದ. ಮನೆಯಲ್ಲಿ ಪೂಜೆ ಮಾಡಿದಂತೆ ಮಾಡಿ ಉಂಡ.

ಮಳೆಗಾಲ ಮುಗಿಯುವ ಹೊತ್ತಿಗೆ ಕಮಲಾಪುರಕ್ಕೆ ಮತ್ತೆ ಸಿರ್ಕಾ ಬಂತು. ಅದೇ ಹುಲ್ಲಿನ ಅಂಗಿ, ಅದೇ ಬಂಗಾರದ ಕೊರಳು. ಒಲ್ಲೆ ಅನ್ನಬಹುದಾಗಿತ್ತು. ಆದರೆ ಸುತ್ತಲೂ ಹಮಾಲರು, ಗುಮಾಸ್ತರು, ಉಳಿದ ದಲಾಲರು ನಿಂತಿದ್ದರು. ಯಾಕೆ ಒಲ್ಲೆ ಎಂದು ಅವರಲ್ಲೊಬ್ಬ ಕೇಳಿದರೆ? ಆ ಮುಖಗಳ ಮುಂದೆ ತಾನು ಸಣ್ಣವನಾಗುವುದನ್ನು ನೆನೆಯಲಿಕ್ಕೂ ಆಗಲಿಲ್ಲ. ಕೈಯೆತ್ತಿ ಕರಡಿಗೆಯ ಹತ್ತಿರ ಒಯ್ದ. ಅದನ್ನು ಮುಟ್ಟುವ ಮೊದಲೇ ದಾರೋಗಾ ಮೊಹರು ಒತ್ತಿ ಆಗಿತ್ತು.

ಆ ಸಂಜೆ ರೊಟ್ಟಿ ನೀಡುತ್ತ ನೀಲಗಂಗಮ್ಮ, "ಇವತ್ತೇನ್ ಮಾಲ್ ಬಂದಿತ್ತರಿ?" ಎಂದು ಕೇಳಿದಳು.

"ಸಿರ್ಕಾ," ಅಂದ ಖಂಡೆಪ್ಪ.

"ಹೌದೇನ್ರಿ," ಎಂದು ಅವಳು ನಂಬಿ, ಇನ್ನೊಂದು ರೊಟ್ಟಿ ಹಾಕಿದಳು. ಕಲಬುರಗಿಯಲ್ಲಿ ಖಂಡೆಪ್ಪ ತಾತ್ಸಾರ ಮಾಡದೆ ಬಿಟ್ಟಿದ್ದ ಜೀವ ಅವಳೊಬ್ಬಳೇ. ಆವತ್ತು ಅವಳನ್ನೂ ನೋಡಿ, ಇವಳೆಂಥ ದಡ್ಡಿ ಅಂದುಕೊಂಡ.