ಹುಣಸೆಹುಳಿಯಲ್ಲಿ ತೊಳೆದ ಸಿಂಹ

ತಾಮ್ರಕ್ಕೆ ಹುಣಸೆಹುಳಿ ತಾಗಿದಾಗ ಏಳುವ ವಾಸನೆ ಮೂಗಿಗೆ ಬಂದರೆ ಇಂದಿಗೂ ನನಗೆ ಬಹರೇನಿನ ಗುದೈಬಿಯಾದಲ್ಲಿದ್ದ ನಮ್ಮ ಎರಡು ಕೋಣೆಯ ಫ್ಲ್ಯಾಟು ನೆನಪಾಗುತ್ತದೆ. ಕೆಳಗೆ ಮಲಯಾಳಿಗಳ ಹೋಟೆಲು, ಕಿಟಕಿಯಲ್ಲಿ ಸದಾ ಗುರುಗುಟ್ಟುವ ಏಸಿ, ಒಳಗೆ ನಾವು ಮೂವರು. ಅಪ್ಪ ಹಡಗು ರಿಪೇರಿಯ ಯಾರ್ಡಿನಲ್ಲಿ ಸೂಪರ್‌ವೈಸರ್. ಬಸ್ರೂರಿನಲ್ಲಿ ಅಜ್ಜ ಬಾವಿ ತೋಡಿಸುವಾಗ ಸಿಕ್ಕಿದ್ದ ಡಚ್ಚರ ಹನ್ನೊಂದು ತಾಮ್ರದ ಕಾಸುಗಳನ್ನು ಅವರು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಲ್ಲಿಗೂ ತಂದಿದ್ದರು. ಶುಕ್ರವಾರ ಬೆಳಿಗ್ಗೆ ಹಳೆಯ ಬನಿಯನ್ನಿನ ಮೇಲೆ ಅವನ್ನು ಹರಡಿ ನನ್ನನ್ನು ಕರೆಯುತ್ತಿದ್ದರು. ಎಲ್ಲವೂ ಕಾಫಿಪುಡಿಯ ಬಣ್ಣ. ಒಂದು ಬದಿಗೆ ದೊಡ್ಡದೊಂದು ವಿ ಅಕ್ಷರ, ಅದರ ಎರಡು ಕೈಗೆ ಕೋದ ಹಾಗೆ ಓ ಮತ್ತು ಸಿ. ಅದು ಡಚ್ ಕಂಪೆನಿಯ ಗುರುತು. ಅದರ ಕೆಳಗೆ ಇಸವಿ. ಇನ್ನೊಂದು ಬದಿಗೆ ಕಿರೀಟ ಹೊತ್ತ ಗುರಾಣಿ, ಅದರೊಳಗೆ ಹಿಂಗಾಲ ಮೇಲೆ ನಿಂತ ಸಿಂಹ. ಒಂದೇ ಒಂದು ಕಾಸಿನಲ್ಲಿ ಮಾತ್ರ ಸಿಂಹ ಅಲೆಗಳಿಂದ ಸೊಂಟದವರೆಗೆ ಎದ್ದಿತ್ತು. ಅದು ಡಚ್ಚರ ನಾಡಿನ ಜೀಲೆಂಡ್ ಪ್ರಾಂತ್ಯದ್ದಂತೆ. "ಇದ್ ನಮ್ ಹಾಂಗೆ, ಅರ್ಧ ನೀರಂಗೆ, ಅರ್ಧ ಹೊರ್ಗೆ" ಎಂದು ಅಪ್ಪ ನಗುತ್ತಿದ್ದರು. ಅವರಿಗೆ ಅದರ ಮೇಲೇ ಜೀವ.

ಯಾರ್ಡಿಗೆ ಹೊಸದಾಗಿ ಬಂದ ಡಚ್ ಎಂಜಿನಿಯರಿಗೆ ಹಳೆಯ ನಾಣ್ಯಗಳ ಹುಚ್ಚೆಂದು ತಿಳಿದು ಅಪ್ಪ ಊಟಕ್ಕೆ ಕರೆದರು. ಅಷ್ಟು ದೊಡ್ಡವರು ನಮ್ಮ ಮನೆಗೆ ಬರುವುದು ಅದೇ ಮೊದಲು. ನೆಂಟರು ಬರುವ ದಿನ ತಾಮ್ರವನ್ನು ಕಪ್ಪಗೆ ಬಿಡುವ ಮನೆಯಿಂದ ಬಂದವಳಲ್ಲ ನನ್ನಮ್ಮ. ಅಪ್ಪ ಎಂಜಿನಿಯರನ್ನು ಕರೆತರಲು ಹೋದಾಗ ಚೊಂಬು, ಹರಿವಾಣಗಳ ಜೊತೆ ಕಾಸುಗಳನ್ನೂ ಹುಳಿ, ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದಳು. ನೀರು ಹೊಯ್ದವಳು ನಾನೇ. ಕಾಸುಗಳು ಕೆಂಪಗೆ ಹೊಳೆದವು, ನಮಗಿಬ್ಬರಿಗೂ ಹೆಮ್ಮೆಯೋ ಹೆಮ್ಮೆ.

"ಎಷ್ಟ್ ಲಾಯ್ಕ್ ಆಯ್ತ್ ಕಾಣಿ" ಎಂದು ಅಮ್ಮ ಅಪ್ಪನ ಮುಂದೆ ತಟ್ಟೆ ಇಟ್ಟಳು. ಎಂಜಿನಿಯರು ಒಂದೊಂದನ್ನೇ ತಿರುಗಿಸಿ ನೋಡಿದರು. ಚಿತ್ರ ಉಳಿದಿದ್ದದ್ದೇ ಆ ಹಳೆಯ ಕಪ್ಪಿನ ಪದರದಲ್ಲಿ. ಅದರ ಜೊತೆಗೇ ಜೀಲೆಂಡಿನ ಅಲೆಯೂ ಹೋಗಿತ್ತು, ಸಿಂಹವೂ ಹೋಗಿತ್ತು. ಇವನ್ನು ತೊಳೆದವರು ಯಾರೆಂದು ಅವರು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು. ಅಷ್ಟು ಇಂಗ್ಲಿಷು ಅಮ್ಮನಿಗೆ ಅರ್ಥವಾಗುತ್ತಿತ್ತು. ಅವಳ ಮುಖ ಬಿಳಿಚಿತು.

"ನಾನೇ," ಎಂದರು ಅಪ್ಪ, "ಗೊತ್ತಿರಲಿಲ್ಲ." ಕುಡಿದ ಲೋಟವನ್ನೂ ಎಂದೂ ತೊಳೆದವರಲ್ಲ ಅವರು.

ಊಟ ಚೆನ್ನಾಗಿಯೇ ಆಯಿತು. ಆಮೇಲೂ ಅಪ್ಪ ಆ ಮಾತೆತ್ತಲಿಲ್ಲ. ಅಮ್ಮ ಎತ್ತಲು ಹೋದರೆ ಬೇರೇನೋ ಕೇಳಿಬಿಡುತ್ತಿದ್ದರು. ಕೆಲವು ವರ್ಷಗಳಲ್ಲಿ ನಾವು ಊರಿಗೆ ಬಂದೆವು, ಆ ಕಟ್ಟಡವನ್ನೂ ಕೆಡವಿದರಂತೆ. ಅಪ್ಪನ ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅಮ್ಮ ನನ್ನ ಹತ್ತಿರ ಬಂದು ಕುಳಿತಳು.

"ಅವತ್ತ್ ಅವ್ರ್ ಎರಡ್ ಬೈದಿದ್ರೆ," ಎಂದಳು, "ಯಾವತ್ತೋ ಮರ್ತ್ ಹೋತಿತ್ತ್ ಮಗ್ಳೇ."